ನೀಲಗಂಗಮ್ಮನ ಎರಡು ಕೈ

ಹಗರಿಬೊಮ್ಮನಹಳ್ಳಿಯ ಸರ್ಕಾರಿ ಕಚೇರಿಯೊಂದರಲ್ಲಿ ನೀಲಗಂಗಮ್ಮ ಟೈಪಿಸ್ಟ್ ಆಗಿದ್ದಳು. ಮನೆತನದಲ್ಲಿ ಸಂಬಳದ ಕೆಲಸಕ್ಕೆ ಸೇರಿದ ಮೊದಲ ಹೆಣ್ಣುಮಗಳು ಅವಳೇ. ತಮ್ಮ ದುರುಗಪ್ಪ ಹೊಸಪೇಟೆಯ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುತ್ತಿದ್ದ.

೧೯೮೫ರ ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ಅವನು ಯಾರದೋ ಕ್ಯಾಸೆಟ್ ತಂದು ಹಚ್ಚಿದ. ಹಾಡಿನ ನಡುವೆ ಗಿಟಾರ್ ಹೊರಟಿತು. ತಂತಿ ಮೀಟಿದ ಸದ್ದೇ ಇಲ್ಲ; ಸ್ವರಗಳು ಮಾತ್ರ ಒಂದರ ಬೆನ್ನಿಗೆ ಒಂದು ಉರುಳಿ ಬರುತ್ತಿದ್ದವು.

"ಇಬ್ರು ಕೂಡಿ ಬಾರಿಸ್ಯಾರ ಅಕ್ಕಾ ಇದನ್ನ," ಎಂದ ದುರುಗಪ್ಪ.

ನೀಲಗಂಗಮ್ಮ ಕಣ್ಣು ಮುಚ್ಚಿ ಇನ್ನೊಮ್ಮೆ ಕೇಳಿದಳು. ಮಡಿಲಲ್ಲಿದ್ದ ಬೆರಳುಗಳು ತಾವಾಗಿಯೇ ಆಡತೊಡಗಿದವು.

"ಇಬ್ರಲ್ಲಲೇ, ಒಬ್ನ. ಬಲಗೈಲಿ ಮೀಟವಲ್ಲ. ಅದೂ ಎಡಗೈ ಸಂಗಾಟ ತಂತಿ ಕುಟ್ಟತೈತಿ. ನಾನು ಟೈಪ್ ಹೊಡಿತೀನಲ್ಲ, ಹಂಗ."

"ಹಂಗೆಲ್ಲಿ ಬಾರಿಸ್ತಾರ?"

"ಗಿಟಾರ್ ಕೊಡಿಲ್ಲಿ."

ಅವಳಿಗೆ ಅದನ್ನು ಹಿಡಿಯಲೂ ಬರುತ್ತಿರಲಿಲ್ಲ. ಎಡಗೈಯ ತೋರುಬೆರಳಿನಿಂದ ತಂತಿ ಒತ್ತಿಹಿಡಿದು, ಅದೇ ತಂತಿಯನ್ನು ಬಲಗೈ ಬೆರಳಿನಿಂದ ಇನ್ನೂ ಮುಂದಕ್ಕೆ ಕುಟ್ಟಿದಳು. ಒಂದು ಸ್ವರ ಹುಟ್ಟಿತು. ಆ ಬೆರಳನ್ನು ಜಾರಿಸಿ ಎತ್ತಿದಾಗ ಎಡಗೈಯಡಿಯ ಸ್ವರ ಎದ್ದಿತು. ಎಡಗೈ ಕಿರುಬೆರಳು ಬಡಿದಾಗ ಮೂರನೆಯದು. ಉಳಿದ ತಂತಿಗಳು ಗುಂಯ್‌ಗುಡುತ್ತಿದ್ದವು. ಜಡೆಯ ರಿಬ್ಬನ್ ಬಿಚ್ಚಿ, ತಂತಿಗಳೂ ಸೇರುವಂತೆ ಗಿಟಾರಿನ ಕುತ್ತಿಗೆಗೆ ಬಿಗಿದಳು; ಆ ಗುಂಯ್ ಸದ್ದು ಅಡಗಿತು.

ಅಂದಿನಿಂದ ದಿನಾ ಸಂಜೆ ಅದೇ. ರೊಟ್ಟಿ ಬಡಿಯುತ್ತಿದ್ದ ತಾಯಿ ಶಿವಬಸಮ್ಮ, "ಆಫೀಸಿನಾಗ ಕುಟ್ಟಿದ್ದು ಸಾಲದೇನವ್ವಾ?" ಎನ್ನುವಳು. ಬೆರಳ ತುದಿಗಳು ಮೊದಲು ಉರಿದವು, ಆಮೇಲೆ ಗಟ್ಟಿಯಾದವು. ಕಚೇರಿಯಲ್ಲಿ ಕಾಗದ ಏರಿಸುವಾಗಲೂ ಅವಳಿಗೆ ಎಲ್ಲೋ ದೂರದಲ್ಲಿ ಆ ಸ್ವರಗಳು ಕೇಳುತ್ತಿದ್ದವು. ಒಮ್ಮೆ ಸಾಹೇಬರು ಎರಡು ಸಲ ಕರೆದರೂ ತಿಳಿಯಲಿಲ್ಲ.

ಬುದ್ಧಪೂರ್ಣಿಮೆಗೆ ತಂಬ್ರಹಳ್ಳಿಯಲ್ಲಿ ದುರುಗಪ್ಪನ ಆರ್ಕೆಸ್ಟ್ರಾ ಇತ್ತು. ನೋಡಲು ಹೋಗಿದ್ದ ಅಕ್ಕನ ಕೈಗೆ ಅವನು ಗಿಟಾರ್ ಕೊಟ್ಟುಬಿಟ್ಟ. ಅವಳು ತಲೆ ತಗ್ಗಿಸಿ ಶುರುಮಾಡಿದ ಸ್ವಲ್ಪ ಹೊತ್ತಿಗೇ ಕರೆಂಟ್ ಹೋಯಿತು. ಮೈಕು, ದೀಪ ಎಲ್ಲ ಸತ್ತವು. ಬೆರಳು ಮಾತ್ರ ನಿಲ್ಲಲಿಲ್ಲ. ಹುಣ್ಣಿಮೆಯ ಬೆಳಕಿನಲ್ಲಿ ಜನ ಒಬ್ಬೊಬ್ಬರಾಗಿ ಎದ್ದು, ಚಪ್ಪಲಿ ಸದ್ದೂ ಆಗದಂತೆ ಹತ್ತಿರ ಬಂದು ಕೂತರು. ಗುಬ್ಬಿ ನಡೆದಷ್ಟು ಸಣ್ಣಗಿನ ಆ ನಾದಕ್ಕೆ ಉಸಿರು ಹಿಡಿದರು. ಎಷ್ಟು ಹೊತ್ತು ಬಾರಿಸಿದೆನೆಂದು ಅವಳಿಗೆ ಎಂದೂ ನೆನಪಾಗಲಿಲ್ಲ. ಮುಗಿದಾಗ ಮೈಲಮ್ಮ ಎಂಬ ಮುದುಕಿ ಅವಳ ಎರಡೂ ಅಂಗೈ ಹಿಡಿದು ತಿರುಗಿಸಿ ನೋಡಿ, "ನಮ್ಮ ಕೈಯಂಗ ಅದಾವಲ್ಲವ್ವಾ!" ಎಂದಳು.

ಆರ್ಕೆಸ್ಟ್ರಾದವರು ಕರೆದರು. ಅವಳು ಹೋಗಲಿಲ್ಲ, ಕೆಲಸ ಅವಳಿಗೆ ಇಷ್ಟವೇ ಆಗಿತ್ತು. ತಮ್ಮನಿಗೆ ಕಲಿಸಿದಳು. ಅವನಿಗೆ ಒಂದು ವರ್ಷ ಹಿಡಿಯಿತು. ಭಾನುವಾರ ತಲೆ ತೊಳೆದು, ಒದ್ದೆ ಕೂದಲು ಹರಡಿಕೊಂಡು ಅವಳು ಹೊಸ್ತಿಲಲ್ಲಿ ಬಾರಿಸುತ್ತ ಕೂತರೆ, ಸಂತೆಗೆ ಹೊರಟವರು ಸೈಕಲ್ಲಿನಿಂದ ಇಳಿದು ನಿಲ್ಲುತ್ತಿದ್ದರು.