ಪಿಳ್ಳಮ್ಮನ ಬಾಗಿದ ಗೋಡೆ

ಬೂದಿಗೆರೆ ಕಡೆಯ ಆ ಸಣ್ಣ ಪೇಟೆಯಲ್ಲಿ ಪಿಳ್ಳಮ್ಮನ ಮನೆಯ ಹಿಂಗೋಡೆ ಕುಡುಗೋಲಿನಂತೆ ಬಾಗಿತ್ತು. ಗಂಡ ತೀರಿಕೊಂಡ ಮೇಲೂ ಯುಗಾದಿಗೆ ಮುಂಚೆ ಅದಕ್ಕೆ ಕೆಮ್ಮಣ್ಣು ಬಳಿಯುವುದನ್ನು ಅವಳು ಒಂದು ವರ್ಷವೂ ತಪ್ಪಿಸಿರಲಿಲ್ಲ. ಅವಳ ಕೈಯಳತೆಗೆ ನಲವತ್ತೊಂದು ಗೇಣು, ಒಂಬತ್ತರವರೆಗೆ ನೆಟ್ಟಗೆ, ಹತ್ತರಿಂದ ಬಾಗು. ಗೋಡೆಯ ಬುಡದಲ್ಲೊಂದು ಒಣಕಲ್ಲು. ಆ ಕೇರಿಯ ಬಾಣಂತಿಯರು ಗಂಗೆಪೂಜೆಗೆ ಬಾವಿಗೆ ಹೋಗದೆ ಆ ಕಲ್ಲಿಗೇ ಅರಿಶಿನ ಹಚ್ಚುತ್ತಿದ್ದರು. ಯಾಕೆಂದು ಕೇಳಿದರೆ, "ನಮ್ಮತ್ತೆ ಹಚ್ತಿದ್ರು" ಎನ್ನುವರು.

ನಲವತ್ತಾರನೇ ಇಸವಿಯಲ್ಲಿ ಹಿಂದಿನ ಓಣಿಯನ್ನು ನೇರ ಮಾಡಲು ಸರ್ವೆಯ ವೆಂಕಟರಾಮಪ್ಪ ಬಂದ. ಅಳೆದವನೇ ಗೂಟವನ್ನು ಪಿಳ್ಳಮ್ಮನ ಒಲೆಯ ಪಕ್ಕದಲ್ಲೇ ಹೊಡೆಸಿದ.

"ಗೋಡೆ ತುದಿ ಓಣಿಗೆ ಚಾಚಿದೆ, ಒತ್ತುವರಿ. ಕೆಡವಬೇಕಮ್ಮ."

ಗೋಡೆ ಹೋದರೆ ಅಡುಗೆಮನೆಯೇ ಹೋಯಿತು. ಓಣಿಯಾಚೆಯ ಸೊಣ್ಣಮ್ಮ ತಿಪ್ಪೆಯ ಜಾಗಕ್ಕೆ ಇಪ್ಪತ್ತು ವರ್ಷದಿಂದ ಜಗಳವಾಡುತ್ತಿದ್ದವಳು, ಬಿಡುತ್ತಾಳೆಯೇ? "ನಮ್ಮನೆ ಒಲೆಗೇ ಬಾರಮ್ಮಿ, ಒಂದ್ ಮೂಲೆ ಕೊಡ್ತೀನಿ!"

ಪಿಳ್ಳಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಶ್ಯಾನುಭೋಗರ ಮನೆಯಲ್ಲಿ ಬಟ್ಟೆಗೆ ಅಂಟಿಸಿದ ಹಳೆಯ ನಕ್ಷೆ ಇದೆಯೆಂದು ಕೇಳಿದ್ದಳು. ವೆಂಕಟರಾಮಪ್ಪನನ್ನು ಅಲ್ಲಿಗೇ ಕರೆದೊಯ್ದಳು.

"ನಿಂಗೆ ನಕ್ಷೆ ಓದೋಕ್ ಬರ್ತದಾ?" ಅವನು ನಕ್ಕ.

"ಓದಾಕ್ ಬರಲ್ಲ ಸ್ವಾಮಿ. ನನ್ ಗೋಡೆ ಬತ್ತದೆ."

ಶ್ಯಾನುಭೋಗರು ನಕ್ಷೆ ಬಿಚ್ಚಿದರು. ಅವಳ ಕೇರಿಯ ಜಾಗದಲ್ಲಿ ಒಂದು ಮನೆಯೂ ಇಲ್ಲ. ಬಳೆಯಂತೆ ದುಂಡಗಿನ ಒಂದು ಗೆರೆ ಮಾತ್ರ, ಅದರಾಚೆಗೆ ಮಾರಮ್ಮನ ಗುಡಿಯ ಗುರುತು.

"ಮಾರಮ್ಮನ ಗುಡಿಯಿಂದ ಈ ಗೆರೆಗೆ ಎಷ್ಟು ದೂರ?" ಎಂದಳು ಪಿಳ್ಳಮ್ಮ.

ವೆಂಕಟರಾಮಪ್ಪ ನಕ್ಷೆಯ ಮೇಲೆ ಅಳೆದ. "ಇನ್ನೂರು ಅಡಿಗೆ ಎರಡು ಕಮ್ಮಿ."

"ದಿನಾ ದೀಪ ಹಚ್ಚಿ ಬತ್ತೀನಿ. ನನ್ ಹೆಜ್ಜೆಗೆ ನೂರು. ನೂರನೇ ಹೆಜ್ಜೆಗೇ ಗೋಡೆ ಬಾಗಾದು."

ಅವನ ನಗು ನಿಂತಿತು. ಶ್ಯಾನುಭೋಗರು ಕನ್ನಡಕ ಸರಿಮಾಡಿಕೊಂಡು ಗೆರೆಯೊಳಗಿನ ಅಕ್ಷರ ಓದಿದರು: "ಕಲ್ಯಾಣಿ."

ಮೂವರೂ ಓಣಿಗೆ ಬಂದರು. ನಕ್ಷೆಯ ಅಳತೆಗೆ ಹಗ್ಗ ಹಿಡಿದು ದುಂಡಗೆ ಸುತ್ತಿಸಿದಾಗ ಅದು ಪಿಳ್ಳಮ್ಮನ ಗೋಡೆಗೆ ಅಂಟಿಕೊಂಡೇ ಹೋಯಿತು. ಪಕ್ಕದ ಎರಡು ಮನೆ, ಆಚೆಯ ಮೂರು ಮನೆ, ಎಲ್ಲವೂ ಅಷ್ಟಷ್ಟೇ ಬಾಗಿದ್ದವು. ಬಣವೆ, ತಿಪ್ಪೆಗಳ ಮರೆಯಲ್ಲಿ ಯಾರಿಗೂ ಕಾಣದೇ ಹೋಗಿತ್ತು. ಕಲ್ಯಾಣಿ ಮುಚ್ಚಿಹೋಗಿ ಎಷ್ಟು ತಲೆಮಾರಾಯಿತೋ, ಮನೆಗಳು ಇನ್ನೂ ಅದರ ದಡದಲ್ಲೇ ನಿಂತಿದ್ದವು.

"ಗೋಡೆ ಓಣಿಗೆ ಬಂದಿಲ್ಲ, ಓಣಿಯೇ ನೀರಿಗೆ ಇಳಿದಿದೆ," ಎಂದ ವೆಂಕಟರಾಮಪ್ಪ. ಒಲೆಯ ಪಕ್ಕದ ಗೂಟವನ್ನು ತಾನೇ ಕಿತ್ತ.

ಸೊಣ್ಣಮ್ಮ ತನ್ನ ಗೋಡೆಯನ್ನು ಹೊಸದಾಗಿ ಕಂಡವಳಂತೆ ಸವರುತ್ತಿದ್ದಳು. "ಅಲ್ಲಮ್ಮಿ, ಇಷ್ಟ್ ದಿನ ಕಲ್ಯಾಣಿ ಆಚೆ ಈಚೆ ನಿಂತ್ಕಂಡಾ ನಾವ್ ಬೈದಾಡಿದ್ದು?"

"ಅದ್ಕೇ ಕಣೆ, ಅಷ್ಟ್ ಜೋರಾಗಿ ಕೂಗ್ಬೇಕಾಗಿದ್ದು."

ಪಿಳ್ಳಮ್ಮ ಕುಕ್ಕರಗಾಲಲ್ಲಿ ಕೂತು ಒಣಕಲ್ಲಿನ ಮೇಲೆ ಅಂಗೈ ಇಟ್ಟಳು. ಅದು ಕಲ್ಯಾಣಿಯ ಮೇಲಿನ ಮೆಟ್ಟಿಲು. ಅದರ ಕೆಳಗೆ ಇನ್ನೆಷ್ಟಿವೆಯೆಂದು ನಕ್ಷೆಯಲ್ಲೂ ಬರೆದಿರಲಿಲ್ಲ.