ಮೆಣಸಗಿಗೆ ತಿರುಗುವ ಮೀನಿನ ಗಾಡಿ

ನರಗುಂದದ ಹೆದ್ದಾರಿ ಬದಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಕಾರವಾರದಲ್ಲಿ ಉಳ್ಳಾಗಡ್ಡಿ ಇಳಿಸಿ ಮರಳಿದ ಲಾರಿಯಿಂದ ಮೀನಿನ ಪೆಟ್ಟಿಗೆಗಳು ಇಳಿಯುತ್ತಿವೆ. ಹೇಗೂ ಖಾಲಿ ಬರುವ ಲಾರಿ, ಅದರಲ್ಲೇ ಮೀನು ಬರಲಿ ಎಂಬುದು ಮೀನಿನ ವ್ಯಾಪಾರಿ ಗುಲ್ಷನ ಅವರ ಲೆಕ್ಕಾಚಾರ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಂದೊಂದೇ ಪೆಟ್ಟಿಗೆಗೆ ಕೈ ಹಾಕಿ ತಂಪು ನೋಡುತ್ತಾರೆ. ಟೆಂಪೊ ತುಂಬುತ್ತಿರುವ ಮೈದುನ ಜಾವೀದರನ್ನು ನಡುನಡುವೆ ಗದರುತ್ತಾರೆ.

"ಏ, ಗಜೇಂದ್ರಗಡದ್ದು ಒಳಗ ಇಡೋ ಮಾರಾಯಾ! ಕಡೀಕ ಇಳಿಯೋದನ್ನ ಬಾಗಲದಾಗ ಇಟ್ಟರ ಹ್ಯಾಂಗ?"

ಬಾಗಿಲು ತೆರೆದು ಹುಡುಕುತ್ತ ನಿಂತಷ್ಟೂ ತಂಪು ಹೊರಗೆ ಹೋಗುತ್ತದೆ, ತಂಪಿನ ಯಂತ್ರ ಇನ್ನಷ್ಟು ಡೀಸೆಲ್ ಕುಡಿಯುತ್ತದೆ. ಗಾಡಿ ಓಡಿಸುವವರು ಜಾವೀದ. ಅದು ಎಲ್ಲಿ ತಿರುಗಬೇಕು ಅನ್ನುವುದು ಮಾತ್ರ ಗುಲ್ಷನರ ಮಾತು.

ಗಂಡ ತೀರಿಕೊಂಡ ಮೇಲೆ ವ್ಯಾಪಾರಕ್ಕಿಳಿದಾಗ ಗಾಡಿಗೆ ಒಂದು ದಾರಿ ಅಂತಲೇ ಇರಲಿಲ್ಲವಂತೆ. ಎಲ್ಲ ಊರಿನದೂ ಒಂದೇ ಹಟ, ಮೊದಲು ನಮ್ಮಲ್ಲಿಗೇ ಬರಬೇಕು. ಕೊನೆಯ ಊರಿಗೆ ಸಿಗುವುದು ಉಳಿದವರು ಆರಿಸಿ ಬಿಟ್ಟ ಮೀನು ತಾನೆ! ಹೀಗಾಗಿ ಗಾಡಿ ಗಜೇಂದ್ರಗಡಕ್ಕೆ ಓಡುವುದು, ರೋಣಕ್ಕೆ ವಾಪಸಾಗುವುದು, ಮತ್ತೆ ಸೂಡಿಗೆ ಓಡುವುದು.

ಗುಲ್ಷನ ಊರಿಗೊಂದು ಪೆಟ್ಟಿಗೆ ಮಾಡಿ, ಬಟ್ಟೆ ಸುತ್ತಿ, ತಾವೇ ಗಂಟು ಹಾಕತೊಡಗಿದರು. ಆ ಊರಿನವರ ಹೊರತು ಯಾರೂ ಗಂಟು ಬಿಚ್ಚುವಂತಿಲ್ಲ. ಮೊದಲಿಗರಾಗುವ ಜಗಳ ನಿಂತಿತು. ಈಗ ಗಾಡಿ ನರಗುಂದ, ಮೆಣಸಗಿ, ರೋಣ, ಸೂಡಿ, ಗಜೇಂದ್ರಗಡ ಎಂದು ಒಂದೇ ಸುತ್ತು ಹಾಕುತ್ತದೆ.

"ಸುಮ್ನ ಹೊಗಿ ಬಿಟಗೋತ ಯಾಕ ತಿರಗಬೇಕ್ರಿ? ನಮ್ಮ ಮಕ್ಕಳು ಕುಡಿಯೋದೂ ಇದ ಗಾಳಿ ಅಲ್ಲೇನ್ರಿ?" ಎನ್ನುತ್ತಾರೆ ಗುಲ್ಷನ.

ಕಳೆದ ಮಳೆಗಾಲದಲ್ಲಿ ಮಲಪ್ರಭೆ ಉಕ್ಕಿದಾಗ ಗಾಡಿ ಮೆಣಸಗಿಯಲ್ಲೇ ಸಿಕ್ಕಿಬಿತ್ತು. ಹಿಂದೂ ನೀರು, ಮುಂದೂ ನೀರು. ಅದೇ ದಿನ ಆ ಊರಿನ ಸುಶೀಲವ್ವನ ಗಂಡ ತೀರಿಕೊಂಡರು. ಮಗ ದುರಗೇಶ ಗೋವೆಗೆ ದುಡಿಯಲು ಹೋದವನು, ಮರಳುವ ದಾರಿಯಲ್ಲಿ ಎಲ್ಲೋ ನೆರೆಗೆ ಸಿಕ್ಕು ನಿಂತಿದ್ದ. ಅವನು ಬರುವತನಕ ಹೆಣ ಕೆಡಬಾರದು. ಊರಲ್ಲಿ ಮಂಜುಗಡ್ಡೆ, ಗಾಡಿಯವರ ಮಾತಿನಲ್ಲಿ ಬರ್ಫ, ಇದ್ದದ್ದು ಆ ಗಾಡಿಯ ಮೀನಿನ ಪೆಟ್ಟಿಗೆಗಳಲ್ಲಿ ಮಾತ್ರ.

ಜಾವೀದ ಫೋನ್ ಮಾಡಿದರು. "ಭಾಬಿ, ಬ್ಯಾರೆ ಊರಿನ ಗಂಟು ಬಿಚ್ಚಲೇನು?"

"ಬಿಚ್ಚು ಅಂದೆ ನೋಡ್ರಿ. ಮೀನ ಮತ್ತ ತರಬಹುದು. ಆ ಹುಡುಗಗ ಅಪ್ಪನ ಮಾರಿ ಮತ್ತ ಸಿಗಂಗಿಲ್ಲ," ಎಂದು ಗುಲ್ಷನ ನೆನೆಯುತ್ತಾರೆ.

ಮಂಜುಗಡ್ಡೆ ಪೆಟ್ಟಿಗೆ ಸಮೇತ ಸುಶೀಲವ್ವನ ಮನೆಗೆ ಹೋಯಿತು, ಮೀನೆಲ್ಲ ಕೆಟ್ಟು ಗುಂಡಿಗೆ ಹೋಯಿತು. ದುರಗೇಶ ಬಂದು ಅಪ್ಪನ ಮುಖ ನೋಡಿ ಮಣ್ಣು ಕೊಟ್ಟ. ಹೆಣದ ಮನೆಗೆ ಹೋದ ಪೆಟ್ಟಿಗೆಗೆ ಮತ್ತೆ ಉಣ್ಣುವ ವಸ್ತು ಹಾಕುವುದುಂಟೇ? ಗುಲ್ಷನ ಅವನ್ನೆಲ್ಲ ಸುಡಿಸಿ ಹೊಸವು ತಂದರು. ನಡೆದದ್ದನ್ನು ಊರೂರಿಗೆ ಹೋಗಿ ತಾವೇ ಹೇಳಿದರು. ಮಿಕ್ಕ ಊರಿನವರು ಮತ್ತೆ ಕೊಳ್ಳತೊಡಗಿದರು. ಮೆಣಸಗಿಯವರು ಮಾತ್ರ ಕೊಳ್ಳುತ್ತಿಲ್ಲ.

"ಆ ಗಾಡಿ ಬಂತಂದ್ರ ಎದ್ದ ನಿಂದರತೀನ್ರಿ. ಅಕ್ಕಾರ ಉಪಕಾರ ಸಾಯೋತನಕ ಮರಿಯಂಗಿಲ್ಲ. ಆದ್ರ ಆ ಮೀನ ಬಾಯಿಗೆ ಹೋಗವಲ್ದು, ಏನ ಮಾಡ್ಲಿ?" ಎಂದು ಸುಶೀಲವ್ವ ಕಣ್ಣೊರೆಸಿಕೊಳ್ಳುತ್ತಾರೆ. ಇಬ್ಬರಲ್ಲಿ ಯಾರದು ತಪ್ಪು ಎನ್ನುವುದು?

ಮೆಣಸಗಿ ಬಿಟ್ಟರೆ ದಾರಿ ಎಷ್ಟೋ ಉಳಿಯುತ್ತದೆ ಎಂದು ಜಾವೀದ ದಿನವೂ ಗೊಣಗುತ್ತಾರೆ. ಹನಿ ಡೀಸೆಲ್ಲಿಗೂ ಜೀವ ಬಿಡುವ ಗುಲ್ಷನ ಇದೊಂದಕ್ಕೆ ಜಪ್ಪಯ್ಯ ಅಂದರೂ ಒಪ್ಪುವುದಿಲ್ಲ. ಒಬ್ಬ ಗಿರಾಕಿಯೂ ಇಲ್ಲದ ಊರಿನಲ್ಲಿ ಗಾಡಿ ದಿನವೂ ನಿಂತು ಹೋಗುತ್ತದೆ. ಯಾಕೆ ಎಂದು ನಾನೂ ಕೇಳಿದೆ. ಅವರು ಒದ್ದೆ ಕೈ ಸೆರಗಿಗೆ ಒರೆಸಿಕೊಂಡರು.

"ಕೊಳ್ಳವಲ್ರು ಅಂತ ಈಗ ಆ ಊರ ಬಿಟ್ಟರ, ಅವತ್ತ ಬರ್ಫ ಕೊಟ್ಟಿದ್ದೂ ವ್ಯಾಪಾರನ ಆಕ್ಕೈತಲ್ರಿ."