ಮೋತ್ಯಾನ ಜೊತೆ ಕೆರೆಗೆ
ಚಿಕ್ಕೋಡಿಯ ಭೂಪಾಲಣ್ಣ ಜೈನ. ಸೋಸದ ನೀರು ಕುಡಿಯುವುದಿಲ್ಲ, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ತಿಂಗಳಿಗೊಮ್ಮೆ ನಸುಕಿನಲ್ಲೇ, ಈಜಿನ ಹುಚ್ಚು ಬಿಡದ ಮುದಿ ನಾಯಿ ಮೋತ್ಯಾನನ್ನು ಕರೆದುಕೊಂಡು ಗುಡ್ಡದಾಚೆಯ ಕೆರೆಗೆ ನಡೆಯುತ್ತಾನೆ. ಅಲ್ಲಿ ನಾಯಿಗೂ ಬಟ್ಟೆಯಲ್ಲಿ ಸೋಸಿಯೇ ನೀರು! ಬಟ್ಟೆಗಂಟಿದ ಹುಳುಗಳನ್ನು ತಿರುಗಿ ಕೆರೆಗೆ ಬಿಡುವಷ್ಟರಲ್ಲಿ ಮೋತ್ಯಾ ಕೆಸರಿಗಿಳಿದು ಹೊಟ್ಟೆ ತುಂಬ ಕುಡಿದಿರುತ್ತದೆ. "ಧರ್ಮ ಕೆಡಿಸಿದಿ ಅಲ್ಲಲೇ ಮಂಗ್ಯಾ!" ಎಂದು ಬೈಯುತ್ತಾನೆ. ಮರಳುವಾಗ ನಾಯಿ ಹತ್ತು ಹೆಜ್ಜೆಗೊಮ್ಮೆ ಕೂರುತ್ತದೆ, ಇವನೂ ಕೂರುತ್ತಾನೆ. ಮನೆ ಮುಟ್ಟುವಾಗ ಹೊತ್ತು ಮುಳುಗಿರುತ್ತದೆ. ನಾಯಿಗೆ ರೊಟ್ಟಿ, ಇವನಿಗೆ ಉಪವಾಸ. "ಅದನ್ನ ಬಿಟ್ಟ ಲಗೂನ ಬಂದಿದ್ರ ಉಣ್ತಿದ್ರಲ್ರಿ" ಎಂದು ಹೆಂಡತಿ ಸುಗಂಧಾ ಸಿಡುಕುತ್ತಾಳೆ. ಸಭೆಗೆಂದು ಲಾರಿ ತುಂಬ ಜನರನ್ನು ಒಯ್ದು ಅಲ್ಲೇ ಬಿಟ್ಟು ಬರುವ ಮುಂದಾಳುಗಳು ಅವನ ಉತ್ತರ ಕೇಳಬೇಕು: "ಕರ್ಕೊಂಡ ಹೋದಾಂವ ನಾನ ಅಲ್ಲೇನ? ಬಿಟ್ಟ ಹೆಂಗ ಬರ್ಲಿ?"